ಎಡಕ್ಕೆ ತಿರುಗದ ಕಾರು

ಮೊದಲ ತಿರುವಿನಲ್ಲೇ ಕಾರು 'ಕರ್ರ್' ಎಂದು ಕಿರುಚಿಕೊಂಡಿತು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಗಕ್ಕನೆ ಬ್ರೇಕ್ ಒತ್ತಿದರು. ಪಕ್ಕದ ಸೀಟಿನಲ್ಲಿ ಕೂತಿದ್ದ ಟೈಲರ್ ಹುಡುಗಿ, ಅಂದರೆ ಇನ್ನು ಅರ್ಧ ಗಂಟೆಯಲ್ಲಿ ಅವರ ಹೆಂಡತಿಯಾಗಬೇಕಾದವಳು, ಗಾಬರಿಯಲ್ಲಿ ತನ್ನ ಕಾಲಡಿಯಿದ್ದ ಇನ್ನೊಂದು ಬ್ರೇಕನ್ನೂ ಒತ್ತಿಬಿಟ್ಟಳು. ಸಾಕ್ಷಿ ಸಹಿ ಹಾಕಲು ಬಂದು ಹಿಂದೆ ಕೂತಿದ್ದ ಅವಳ ಚಿಕ್ಕಮ್ಮ ಮುಂದಿನ ಸೀಟಿಗೆ ಮುತ್ತಿಟ್ಟರು.

ಮೂವರೂ ಇಳಿದು ನೋಡಿದರು. ಮದುವೆಗೆಂದು ಮೇಷ್ಟ್ರು ನಿನ್ನೆ ತಾನೇ ಹದಿನೈದು ಇಂಚಿನ ಚಕ್ರ ಕಳಚಿ ಹದಿನೇಳರದ್ದು ಹಾಕಿಸಿದ್ದರು, ಮಿರಮಿರ ಮಿಂಚುತ್ತಿತ್ತು. ಯಾವನೋ ಶಿಷ್ಯ ಕಂಬಕ್ಕೆ ಗುದ್ದಿ ಬಗ್ಗಿಸಿದ್ದ ಎಡ ಮಡ್‌ಗಾರ್ಡಿಗೆ ಟೈರು ಉಜ್ಜುತ್ತಿತ್ತು. ಬಲಕ್ಕೆ ತಿರುಗಿದರೆ ಏನೂ ಇಲ್ಲ. ಎಡಕ್ಕೆ ತಿರುಗಿದರೆ ರಬ್ಬರು ಸುಟ್ಟ ವಾಸನೆ.

"ಟೈರಿನ ಮೇಲೆ ಅರವತ್ತೈದು ಅಂತಿದೆಯಲ್ಲ, ಹಳೇದರಲ್ಲೂ ಅಷ್ಟೇ ಅಲ್ವಾ?" ಎಂದಳು ಅವಳು.

"ಅಷ್ಟೇ. ಅದು ರಬ್ಬರಿನ ದಪ್ಪದ ನಂಬರು, ಇಳಿಸಿ ಸಾರ್ ಅಂದ ಅಂಗಡಿಯವನು. ನಂಗೇ ಪಾಠ ಹೇಳ್ತೀಯಾ ಅಂತ ರೇಗಿಬಿಟ್ಟೆ."

"ಅಯ್ಯೋ ಮೇಷ್ಟ್ರೇ! ಲಂಗದ ಅಂಚು ಒಂದಿಂಚು ಅಗಲ ಮಾಡಿದ್ರೆ ಮೇಲಿನ ಬಟ್ಟೆ ಒಂದಿಂಚು ಕತ್ತರಿಸ್ಬೇಕು. ಇಲ್ದಿದ್ರೆ ಲಂಗ ನೆಲ ಗುಡಿಸುತ್ತೆ. ಚಕ್ರ ದೊಡ್ಡದಾದ್ರೆ ಸುತ್ತ ಇರೋ ರಬ್ಬರು ತೆಳ್ಳಗಾಗ್ಬೇಡ್ವಾ?"

"ತಪ್ಪಾಯ್ತು" ಎಂದರು ಮೇಷ್ಟ್ರು, ಮುಖ ಚಿಕ್ಕದು ಮಾಡಿಕೊಂಡು. ಹನ್ನೊಂದಕ್ಕೆ ರಿಜಿಸ್ಟ್ರಾರ್ ಮುಂದೆ ನಿಲ್ಲಬೇಕು. ತಪ್ಪಿದರೆ ಇನ್ನೊಂದು ತಿಂಗಳು ಕಾಯಬೇಕು. ಬೇರೆ ಗಾಡಿ ಹುಡುಕುವಷ್ಟು ಹೊತ್ತಿಲ್ಲ. ಅವಳಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಇಷ್ಟು ಬೇಗ ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ಅವಳು ಈವರೆಗೆ ಕಂಡಿರಲಿಲ್ಲ.

"ಮೂರು ಸಲ ಬಲಕ್ಕೆ ತಿರುಗಿದ್ರೆ ಒಂದು ಎಡ ಆಗುತ್ತೆ. ಹತ್ತಿ, ಹತ್ತಿ!" ಎಂದಳು.

ಹೊರಟಿತು ಮದುವೆ ದಿಬ್ಬಣ. ಅಂಚೆ ಕಚೇರಿಗೆ ಒಂದು ಸುತ್ತು, ಬೇಕರಿಗೆ ಒಂದು ಸುತ್ತು. ಹೂವಿನಂಗಡಿಯವಳು ಮೊದಲ ಸಲ ಸುಮ್ಮನೆ ನೋಡಿದಳು, ಎರಡನೇ ಸಲ ಕೈಬೀಸಿದಳು. "ಬಲಕ್ಕೆ! ಇನ್ನೊಂದು ಬಲಕ್ಕೆ!" ಎಂದು ಕೂಗುತ್ತಿದ್ದ ಚಿಕ್ಕಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಕೊನೆಗೂ ಕಚೇರಿ ಕಂಡಿತು. ಅದರ ಗೇಟು ಇದ್ದದ್ದು ಎಡಕ್ಕೆ. ರಸ್ತೆಯಲ್ಲಿ ನಿಲ್ಲಿಸೋಣವೆಂದರೆ ಹಿಂದೆ ಹಾರ್ನುಗಳ ಗಲಾಟೆ.

"ನೀನು ಇಳಿದು ಓಡು, ಸಾಹೇಬ್ರು ಎದ್ದು ಹೋಗದ ಹಾಗೆ ನೋಡ್ಕೋ. ಮುಂದೆ ತಿರುಗಿಸ್ಕೊಂಡು ಬರ್ತೀನಿ" ಎಂದರು ಮೇಷ್ಟ್ರು.

ಅವಳು ಏದುಸಿರು ಬಿಡುತ್ತಾ ಒಳಗೆ ನುಗ್ಗಿದಾಗ ಹನ್ನೊಂದಕ್ಕೆ ಒಂದೇ ನಿಮಿಷವಿತ್ತು. ರಿಜಿಸ್ಟ್ರಾರ್ ಕನ್ನಡಕ ಏರಿಸಿದರು. "ವರ ಎಲ್ಲಮ್ಮಾ?"

ಅವಳು ಕಿಟಕಿಯತ್ತ ಕೈ ತೋರಿಸಿದಳು. ಕಾರು ಗೇಟು ದಾಟಿ ಭರ್ರನೆ ಹೋಗುತ್ತಿತ್ತು.

"ಓಡಿಹೋಗ್ತಾ ಇದ್ದಾನಲ್ಲಮ್ಮಾ!"

"ಇಲ್ಲ ಸಾರ್, ಅವ್ರು ಬರೋದೇ ಹಾಗೆ" ಎಂದು ಅವಳು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡಳು. "ನನ್ನ ಸಹಿ ಎಲ್ಲಿ ಹಾಕ್ಬೇಕು ಹೇಳಿ."