ಎರಡನೆಯ ಸಲದ ದಾರಿ

ಸ್ಪೇನಿನ ಡ್ವೇರೊ ನದಿಯ ಕಣಿವೆಯಲ್ಲಿ ಸೈಕಲ್ ಪ್ರವಾಸ ಮಾಡೋಣ ಎಂದದ್ದು ಮಂದಾಕಿನಿ. ತೀರಿಕೊಂಡ ಮೊದಲ ಗಂಡನ ಜೊತೆ ಹತ್ತು ವರ್ಷದ ಹಿಂದೆ ಅವಳು ಇದೇ ದಾರಿಯಲ್ಲಿ ಬಂದಿದ್ದಳೆಂದು ಈಗಿನ ಗಂಡ ಶ್ರೀಕಂಠನಿಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ.

ದ್ರಾಕ್ಷಿತೋಟಗಳ ನಡುವೆ ದಾರಿ ಕವಲೊಡೆದರೆ ಅವಳು ನಕ್ಷೆ ನೋಡದೆಯೇ ತಿರುಗುತ್ತಿದ್ದಳು. ಕಲ್ಲುಮನೆಗಳ ಹಳೆಯ ಊರು ಬಂದರೆ ಮಾತ್ರ ಸೈಕಲ್ಲನ್ನು ಗೋಡೆಗೆ ಒರಗಿಸಿ, ಇಗರ್ಜಿಯ ಬಾಗಿಲನ್ನೋ ಗೋಪುರದ ಮೇಲಿನ ಕೊಕ್ಕರೆ ಗೂಡನ್ನೋ ನೋಡುತ್ತ ಮೈಮರೆತು ನಿಂತುಬಿಡುತ್ತಿದ್ದಳು. ಆ ಮನುಷ್ಯನನ್ನೇ ನೆನೆಯುತ್ತಿದ್ದಾಳೆ ಎಂದುಕೊಂಡು ಶ್ರೀಕಂಠ ಕುದಿಯುತ್ತ ಕಾಯುತ್ತಿದ್ದ.

ನಾಲ್ಕನೆಯ ದಿನ ತಂಗಿದ ಮನೆಯ ಮುದುಕಿ ಅವಳನ್ನು ಗುರುತು ಹಿಡಿದು ತಬ್ಬಿಕೊಂಡಳು. "ನಿನ್ನ ಗಂಡ ಎಲ್ಲಿ? ಅಂಥ ಸವಾರನನ್ನ ನಾನು ಮತ್ತೆ ನೋಡಲೇ ಇಲ್ಲ" ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದಳು. ಅವನು ಇಲ್ಲವೆಂದು ತಿಳಿದು ಕಣ್ಣೊರೆಸಿಕೊಂಡಳೇ ಹೊರತು ಪಕ್ಕದಲ್ಲಿದ್ದ ಶ್ರೀಕಂಠನನ್ನು ಯಾರೆಂದೂ ಕೇಳಲಿಲ್ಲ.

ಮರುದಿನ ನದಿಯ ಹಳೆಯ ಸೇತುವೆಯ ಮೇಲೆ ಮಂದಾಕಿನಿ ಮತ್ತೆ ಸೈಕಲ್ಲಿನಿಂದ ಇಳಿದಾಗ ಅವನಿಗೆ ತಡೆಯಲಾಗಲಿಲ್ಲ.

"ಇಲ್ಲೂ ಅವರ ಜೊತೆ ನಿಂತಿದ್ಯಾ? ಇನ್ನೂ ಎಷ್ಟು ಊರಲ್ಲಿ ನಾನು ನಿಮ್ಮಿಬ್ಬರ ನೆನಪಿಗೆ ಕಾವಲು ಕಾಯಬೇಕು, ಹೇಳು!"

ಅವಳು ಹರಿಯುವ ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಅವರು ಎಲ್ಲೂ ನಿಲ್ತಿರಲಿಲ್ಲ ಕಣ್ರೀ. ಆ ಸಲ ಈ ಕಣಿವೇಲಿ ನಾನು ನೋಡಿದ್ದು, ದೂರದಲ್ಲಿ ಹೋಗ್ತಿದ್ದ ಅವರ ಬೆನ್ನೊಂದನ್ನೇ."