ಕೆಮ್ಮದ ಸೊಸೆ

ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಒಳಕೋಣೆಯಲ್ಲಿ ವಾರಗಿತ್ತಿ ಕಸ್ತೂರಿ ಕೆಮ್ಮುತ್ತಲೇ ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಸಂಜೆಯ ಬಸ್ಸಿಗೆ ಅವಳನ್ನು ತವರಿಗೆ ಕಳಿಸಿ, ಅವಳ ಎಳೆಗೂಸನ್ನು ಇಲ್ಲೇ ಇಟ್ಟುಕೊಳ್ಳುವುದೆಂದು ಅತ್ತೆ ತೀರ್ಮಾನಿಸಿಯಾಗಿತ್ತು.

"ಟಿ.ಬಿ. ತವರಿಂದ ತಂದಾಳ, ತವರಿಗೇ ಒಯ್ಯಲಿ," ಎಂದಳು ಅತ್ತೆ.

"ಅಕಿ ತಂದಿಲ್ಲರಿ ಅತ್ತಿ. ಮನಿಮಂದಿಗೆಲ್ಲ ಪರೀಕ್ಷಾ ಮಾಡಿದ್ರಲ್ಲ, ನನಗೂ ಟಿ.ಬಿ. ಐತಂತ. ನನ್ನಿಂದನ ಅಕಿಗೆ ಹತ್ತೇತಂತ ಡಾಕ್ಟರು ಹೇಳಿದ್ರು."

ಅತ್ತೆ ನಕ್ಕಳು. "ನಿನಗ? ಒಂದ್ ದಿನಾರ ಕೆಮ್ಮೀ ಏನ?"

"ಟಿ.ಬಿ. ಹುಳದಾಗೂ ಜಾತಿ ಅದಾವಂತರಿ. ಕೆಲವು ಹೊಕ್ಕ ಕೂಡ್ಲೆ ಮೈ ಎದ್ದು ಜಗಳಕ್ಕ ನಿಲ್ಲತೈತಂತ, ಜ್ವರಾ ಕೆಮ್ಮು ಎಲ್ಲಾ ಬರ್ತಾವ. ನಮ್ಮಿಬ್ಬರದು ಸುಮ್ಮನ ಕುಂದರೂ ಜಾತಿ. ಮೈಗೆ ಗೊತ್ತಾಗಂಗಿಲ್ಲ, ಆದ್ರ ಮಂದಿಗೆ ಹಬ್ಬತೈತಿ. ಅಕಿದು ಬಾಣಂತಿ ಮೈ, ಅದಕ್ಕ ಹೊರಗ ಬಿತ್ತು."

"ಹುಳಕ್ಕೂ ಜಾತಿ ಹಚ್ಚಿದೇನ? ಅಕಿನ್ನ ಉಳಿಸ್ಕೊಳ್ಳಾಕ ಕತಿ ಕಟ್ಟಬ್ಯಾಡ."

"ದವಾಖಾನಿ ಚೀಟಿ ತೋರಿಸ್ಲೇನ್ರಿ?"

"ಚೀಟಿ ಕೆಮ್ಮತೈತೇನ? ಕೆಮ್ಮಾಕಿಗೆ ಜಡ್ಡು, ಕೆಮ್ಮಲಾರದಾಕಿಗೆ ಕೆಲಸ. ರೊಟ್ಟಿ ಬಡಿ."

ಒಳಗೆ ಕೂಸು ಅಳತೊಡಗಿತು. ಕಸ್ತೂರಿ ಅದನ್ನು ಎತ್ತಿಕೊಳ್ಳಲು ಹೋದಳು. ಅತ್ತೆ ಕೂತಲ್ಲಿಂದಲೇ ಬೇಡವೆಂದು ಗದರಿದಳು.

ನೀಲವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಬಾಯಿಗೆ ಸೆರಗು ಒತ್ತಿ ಹಿಡಿದು, ಓಣಿಗೆಲ್ಲ ಕೇಳುವಂತೆ ಕೆಮ್ಮುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಳು.