ಹೆಗಲ ಮೇಲಿನ ಕೈ

ಫೋಟೋದಿಂದ ಒಬ್ಬರನ್ನು ಅಳಿಸುವುದು ರಂಜಿತಾಗೆ ಹೊಸದೇನಲ್ಲ…

ತುಮಕೂರಿನ ಫ್ಲೆಕ್ಸ್ ಅಂಗಡಿಯ ಓಂಕಾರಣ್ಣ ಫೋಟೋ ಕಳಿಸುತ್ತಾರೆ. ಅವಳು ಮನೆಯಲ್ಲೇ ಕೂತು ಬೇಡದವರನ್ನು ತೆಗೆದು, ಆ ಜಾಗಕ್ಕೆ ಗ್ರೇಡಿಯೆಂಟ್ ಹಾಕಿ ವಾಪಸ್ ಕಳಿಸುತ್ತಾಳೆ.

ಗ್ರೇಡಿಯೆಂಟ್ ಅಂದರೆ ಒಂದು ಬಣ್ಣ ನಿಧಾನವಾಗಿ ಇನ್ನೊಂದು ಬಣ್ಣವಾಗುವುದು… ಎಲ್ಲಿ ಬದಲಾಯಿತು ಅಂತ ಗೆರೆ ಕಾಣಬಾರದು.

ರಂಜಿತಾ ಡಿಗ್ರಿ ಮುಗಿಸಿದವಳು. ಮಾತು ಕಡಿಮೆ. ಗಿರಾಕಿಗಳ ಹತ್ತಿರ ಮಾತಾಡುವುದೆಲ್ಲ ಓಂಕಾರಣ್ಣನೇ. ಅವರೂ ಇವಳ ಮುಖ ನೋಡಿದವರಲ್ಲ, ಎಲ್ಲ ಫೋನಿನಲ್ಲೇ…

ಅವತ್ತು ಮಧ್ಯಾಹ್ನ ಅವರದೊಂದು ವಾಯ್ಸ್ ಮೆಸೇಜ್ ಬಂತು.

"ರಂಜಿತಮ್ಮ, ಡಿಸೈನ್ ಅಂಗಡಿ ಓಪನಿಂಗ್ ಬ್ಯಾನರ್ ಕಣಮ್ಮ, ಅವರ ಡಿಸೈನರ್ ಇನ್ನೂ ಬಂದಿಲ್ವಂತೆ. ಬಲಗಡೆ ಇರೋ ಹುಡುಗಿನೇ ಓನರ್ರು. ಎಡಗಡೆಯವಳನ್ನ ತೆಗೆದಾಕಿ ಗ್ರೇಡಿಯೆಂಟ್ ಬಿಟ್ಬಿಡು. ಸಾಯಂಕಾಲದೊಳಗೆ ಬೇಕಂತೆ."

ಫೋಟೋ ತೆರೆದಳು.

ಬಲಗಡೆ ಗೆಳತಿ ಸಿಂಚನಾ. ಎಡಗಡೆ… ಸ್ವತಃ ರಂಜಿತಾ.

ಕಾಲೇಜಿನಿಂದಲೂ ಜೊತೆಗಿದ್ದವರು. ಸಿಂಚನಾ ಆರ್ಡರ್ ತರುತ್ತಿದ್ದಳು, ಇವಳು ಡಿಸೈನ್ ಮಾಡುತ್ತಿದ್ದಳು. ಇಬ್ಬರೂ ಸೇರಿ ಅಂಗಡಿ ಇಡಬೇಕು ಅಂತ ಮಳಿಗೆ ನೋಡಿ ಬಂದಿದ್ದರು. ಅದೇ ಬಾಗಿಲ ಮುಂದೆ ತೆಗೆದ ಫೋಟೋ ಇದು.

ಯಾರನ್ನೂ ಮುಟ್ಟಿ ಮಾತಾಡದ ರಂಜಿತಾ ಅವತ್ತು ಧೈರ್ಯ ಮಾಡಿ ಗೆಳತಿಯ ಹೆಗಲ ಮೇಲೆ ಕೈ ಇಟ್ಟಿದ್ದಳು…

ಆಮೇಲೆ ಒಂದು ದಿನ ಸಿಂಚನಾ, "ಅಂಗಡಿ ಸದ್ಯಕ್ಕೆ ಬೇಡ ಕಣೇ, ಮನೇಲಿ ಒಪ್ತಿಲ್ಲ" ಅಂದಿದ್ದಳು. ರಂಜಿತಾ ನಂಬಿದಳು. ಓಂಕಾರಣ್ಣನ ಕೆಲಸ ಹಿಡಿದಿದ್ದನ್ನೂ ಅವಳಿಗೆ ಹೇಳಲಿಲ್ಲ, ಪಾಪ ಬೇಜಾರು ಮಾಡಿಕೊಂಡಾಳು ಅಂತ.

ಈಗ ಅದೇ ಮಳಿಗೆ. ಅದೇ ಫೋಟೋ. ತಾನು ಮಾತ್ರ ಬೇಡ.

ಸಿಂಚನಾ ಯಾವತ್ತಿನಿಂದ ಬದಲಾದಳು? ರಂಜಿತಾ ಹಿಂದಿನದೆಲ್ಲ ಕೆದಕಿ ನೋಡಿದಳು… ಎಲ್ಲೂ ಗೆರೆ ಕಾಣಲಿಲ್ಲ.

"ಆಗಲ್ಲ ಅಣ್ಣ" ಅನ್ನಬಹುದಿತ್ತು. ಅನ್ನಲಿಲ್ಲ. ಕೆಲಸಕ್ಕೆ ಕೂತಳು.

ತನ್ನ ಮುಖ ತೆಗೆದಳು. ಭುಜ ತೆಗೆದಳು. ಆ ಜಾಗದಲ್ಲಿ ನೀಲಿಯಿಂದ ಹಳದಿಗೆ ಗ್ರೇಡಿಯೆಂಟ್ ಎಳೆದಳು. ಈ ಎರಡು ಬಣ್ಣ ನೇರವಾಗಿ ಸೇರಿದರೆ ನಡುವೆ ಕೆಸರಿನ ಹಾಗೆ ಮಂಕಾಗುತ್ತದೆ. ಅದಕ್ಕೇ ಯಾವಾಗಲೂ ಮಾಡುವಂತೆ ಮಧ್ಯದಲ್ಲಿ ಒಂದು ತೆಳು ಗುಲಾಬಿ ಇಟ್ಟಳು…

ಕೊನೆಗೆ ಉಳಿದಿದ್ದು ಆ ಕೈ.

ಮೌಸ್ ಅಲ್ಲೇ ನಿಂತಿತು… ಕೈ ಅಳಿಸಿದರೆ ಅದರ ಕೆಳಗೆ ಏನೂ ಇಲ್ಲ. ಗೆಳತಿಯ ಹೆಗಲನ್ನು ಹೊಸದಾಗಿ ಬರೆಯಬೇಕು.

ಬರೆಯಲು ಅವಳಿಗೆ ಬರುತ್ತಿತ್ತು. ಮನಸ್ಸು ಬರಲಿಲ್ಲ.

ಮಣಿಕಟ್ಟಿನಿಂದ ಮೇಲಕ್ಕೆ ತನ್ನ ತೋಳನ್ನು ಗುಲಾಬಿಯಲ್ಲಿ ಕರಗಿಸಿ, ಬೆರಳುಗಳನ್ನು ಹಾಗೇ ಬಿಟ್ಟು ಕಳಿಸಿದಳು.

"ಓನರ್ ಮೇಡಂ ಫೋನಲ್ಲಿ ನೋಡಿದ್ರು. ಮುಖ ಚೆನ್ನಾಗ್ ಬಂದೈತಂತೆ. ಪ್ರಿಂಟ್‌ಗೆ ಹಾಕ್ದೆ" ಅಂದರು ಓಂಕಾರಣ್ಣ.

ಓಪನಿಂಗ್ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು…

ಸಿಂಚನಾ ನಿಂತಿದ್ದಳು. ರೇಷ್ಮೆ ಸೀರೆ, ಹಣೆಯಲ್ಲಿ ಪೂಜೆಯ ಕುಂಕುಮ, ಕಣ್ಣೆಲ್ಲ ಕೆಂಪು.

"ಬ್ಯಾನರ್ ಮಾಡಿದ್ದು ನೀನೇ ಅಲ್ವೇನೇ? ಫೋನಲ್ಲಿ ಮುಖ ಮಾತ್ರ ನೋಡಿದ್ದೆ. ಕಟ್ಟಿದ ಮೇಲೆ ಮಧ್ಯದಲ್ಲಿ ಆ ಗುಲಾಬಿ ನೋಡಿದಾಗಲೇ ಗೊತ್ತಾಯ್ತು."

ರಂಜಿತಾ ಬಾಗಿಲನ್ನು ಪೂರ್ತಿ ತೆರೆದಳು.

"ನಮ್ಮಜ್ಜಿ ಎಲ್ಲರ ಮುಂದೆ ಕೇಳಿಬಿಡ್ತು… 'ನಿನ್ನ ಹೆಗಲ ಮೇಲೆ ಯಾರೋ ಕೈ ಮಡಗವ್ರಲ್ಲ ಮಗಾ, ಅವ್ರನ್ನ ಎಲ್ಲಿ ಬಿಟ್ಟು ಬಂದೆ?' ಅಂತ. ಅಲ್ಲಿಂದ ಸೀದಾ ಇಲ್ಲಿಗೇ ಬಂದೆ ಕಣೇ."

ಸಿಂಚನಾ ಅಳತೊಡಗಿದಳು. "ಗಿರಾಕಿ ಮುಂದೆ ಬಾಯಿ ಬಿಡದವಳನ್ನ ಪಾರ್ಟ್‌ನರ್ ಮಾಡ್ಕೋತೀಯಾ ಅಂದ್ರು ನಮ್ ಭಾವ. ನಾನೂ ಹೂಂ ಅಂದುಬಿಟ್ಟೆ…"

ಕಣ್ಣೊರೆಸಿಕೊಂಡು ಕೇಳಿದಳು, "ಆ ಕೈ ತೆಗೀಬಹುದಿತ್ತಲ್ವಾ ನೀನು?"

"ತೆಗೀಬಹುದಿತ್ತು ಸಿಂಚು. ಅದರ ಕೆಳಗೆ ನಿನ್ನ ಹೆಗಲು ಇರಲಿಲ್ಲ."

ಸಿಂಚನಾ ಕೈ ಹಿಡಿದುಕೊಂಡಳು. "ಬಾರೇ… ಇಬ್ಬರೂ ಇರೋ ಬ್ಯಾನರ್ ಹಾಕಿಸ್ತೀನಿ."

ರಂಜಿತಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಕುಡಿಯಲು ನೀರು ತಂದು ಕೊಟ್ಟಳು. ಗೇಟಿನವರೆಗೂ ಬಿಟ್ಟು ಬಂದಳು. ಅವಳ ಜೊತೆ ಮಾತ್ರ ಹೋಗಲಿಲ್ಲ…

ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು. ಓಂಕಾರಣ್ಣ.

"ಇನ್ನೊಂದು ಆರ್ಡರ್ ಐತೆ ಕಣಮ್ಮ, ನಾಮಕರಣದ್ದು."

ರಂಜಿತಾ ಪೆನ್ನು, ಹಾಳೆ ಹತ್ತಿರಕ್ಕೆ ಎಳೆದುಕೊಂಡಳು.

"ಗಿರಾಕಿ ನಂಬರ್ ಕೊಡಿ ಅಣ್ಣ… ನಾನೇ ಮಾತಾಡ್ತೀನಿ."

.

ಪಕ್ಕದಲ್ಲಿ ನಿಂತವರನ್ನು ಅಳಿಸಬಹುದು… ಅವರು ಕೈ ಇಟ್ಟ ಜಾಗವನ್ನು ಮತ್ತೆ ನಮ್ಮದಾಗಿ ಮಾಡಿಕೊಳ್ಳುವುದು ಕಷ್ಟ.

ನಿಮ್ಮ ನಗುವ ಫೋಟೋ ಒಂದನ್ನು ತೆರೆದು ನೋಡಿ… ಅದರಲ್ಲಿ ನಿಮ್ಮ ಹೆಗಲ ಮೇಲಿರುವ ಕೈ ಯಾರದು? ಅವರು ಈಗ ಎಲ್ಲಿದ್ದಾರೆ?